ಕೊಳೆ ಬದಿ, ಬಿಳಿ ಬದಿ

ಮಾರ್ಚ್ ೩, ಸೋಮವಾರ

ಕೆಲಸಕ್ಕೆ ಸೇರಿದೆ. ಆಸ್ಪತ್ರೆಯ ಹಿಂದುಗಡೆ, ಕಸದ ಬಂಡಿಗಳು ನಿಲ್ಲುವ ಅಂಗಳ ದಾಟಿದರೆ ಲಾಂಡ್ರಿ. ಒಳಗೆ ಕಾಲಿಡುತ್ತಲೇ ಆವಿ ಬಂದು ಕನ್ನಡಕಕ್ಕೆ ಕೂತಿತು. ನನ್ನ ಕೈಕೆಳಗೆ ದುಡಿಯಬೇಕಾದವರನ್ನು ಮೊದಲು ನೋಡಿದ್ದು ಬರೀ ನೆರಳುಗಳಾಗಿ. ಒರೆಸಿಕೊಂಡು ನೋಡಿದ ಮೇಲೂ ಹೆಚ್ಚಿನದೇನೂ ಕಾಣಲಿಲ್ಲ. ಯಾರೂ ಮುಖ ಎತ್ತಿರಲಿಲ್ಲ.

ಉದ್ದನೆಯ ಕೋಣೆಯನ್ನು ಒಂದು ಗೋಡೆ ಇಬ್ಭಾಗ ಮಾಡಿದೆ. ಒಗೆಯುವ ದೊಡ್ಡ ಯಂತ್ರಗಳು ಆ ಗೋಡೆಯೊಳಗೇ ಕೂತಿವೆ. ಒಂದೊಂದಕ್ಕೂ ಎರಡೆರಡು ಬಾಗಿಲು. ಈಚೆಯಿಂದ ವಾರ್ಡುಗಳ, ಆಪರೇಷನ್ ಥಿಯೇಟರಿನ ಕೊಳೆ ಬಟ್ಟೆ ತುಂಬುತ್ತಾರೆ, ಆಚೆಯಿಂದ ಒಗೆದದ್ದನ್ನು ತೆಗೆಯುತ್ತಾರೆ. ಸೋಂಕು ದಾಟಬಾರದೆಂದು ಈ ಏರ್ಪಾಡು. ಇಲ್ಲಿಯವರ ಬಾಯಲ್ಲಿ ಇದು ಕೊಳೆ ಬದಿ, ಅದು ಬಿಳಿ ಬದಿ. ಗೋಡೆಯಲ್ಲಿ ಒಂದು ಗಾಜಿನ ಕಿಟಕಿಯೂ ಇದೆ, ಯಾರೋ ಅದಕ್ಕೆ ರಟ್ಟು ಅಂಟಿಸಿದ್ದಾರೆ. ಎರಡು ಬದಿಯವರಿಗೂ ಮಾತಿಲ್ಲ. ಯಂತ್ರ ಖಾಲಿ ಎಂದು ತಿಳಿಸಬೇಕಾದರೆ ಗೋಡೆಗೆ ಗುದ್ದುತ್ತಾರೆ. ಗುದ್ದಿನಲ್ಲೇ ಬೈಗುಳ ಕೇಳಿಸುತ್ತದೆ.

ಆಡಳಿತಾಧಿಕಾರಿ ಸುತ್ತಿ ಬಳಸಿ ಮಾತಾಡುವವರಲ್ಲ. ಬಟ್ಟೆ ತಡ, ಬಟ್ಟೆ ಹರಕು, ಬಟ್ಟೆಯೊಳಗೆ ಸೂಜಿ ಎಂದು ದಿನಾ ದೂರಂತೆ. ಜೂನ್ ಮೊದಲ ವಾರ ಹೊಸ ಶಸ್ತ್ರಚಿಕಿತ್ಸಾ ಕಟ್ಟಡ ತೆರೆಯುತ್ತದೆ. ಅಷ್ಟರೊಳಗೆ ಸರಿಹೋಗದಿದ್ದರೆ ಲಾಂಡ್ರಿಗೆ ಬೀಗ ಹಾಕಿ, ಕೆಲಸವನ್ನು ಹೊರಗಿನ ಕಂಪನಿಗೆ ಕೊಡುತ್ತಾರೆ. ಕಂಪನಿಯವರು ಆಗಲೇ ಬಂದು ನೋಡಿಕೊಂಡೂ ಹೋಗಿದ್ದಾರೆ.

ನಾನಿರುವಾಗ ಬೀಗ ಬೀಳುವುದಿಲ್ಲ. ನಾನು ಮೊದಲು ಲಾಂಡ್ರಿ ನೋಡಿಕೊಳ್ಳುತ್ತಿದ್ದ ಹೋಟೆಲು ಮುಚ್ಚಿದ ಮೇಲೆ ಮನೆಯಲ್ಲಿ ಕೂತು ಗೋಡೆ ನೋಡಿದ್ದು ಸಾಕಾಗಿದೆ. ಆದರೆ ಈ ಸಲ ಯಾರನ್ನೂ ನಂಬುವುದಿಲ್ಲ. ಹೋಟೆಲಿನಲ್ಲಿ ನಾನೇ ಕೈಹಿಡಿದು ಕೆಲಸ ಕಲಿಸಿದವಳು ಟವೆಲುಗಳನ್ನು ಕಟ್ಟುಕಟ್ಟಾಗಿ ಸಾಗಿಸಿ, ಕಡೆಗೆ ನನ್ನತ್ತ ಬೆರಳು ತೋರಿಸಿದಳು. ಒಂದು ಸಲ ಬೆನ್ನಿಗೆ ಚೂರಿ ಬಿದ್ದ ಮೇಲೂ ಬೆನ್ನು ತಿರುಗಿಸಿ ನಿಂತರೆ ನನಗಿಂತ ಪೆದ್ದಿ ಇನ್ನೊಬ್ಬಳಿಲ್ಲ.

ಮಾರ್ಚ್ ೫, ಬುಧವಾರ

ಇವರ ಪೈಕಿ ಕಣ್ಣಿಡಬೇಕಾದವರು ಮೂವರು.

ಕೊಳೆ ಬದಿಯಲ್ಲಿ ಯಂತ್ರಗಳನ್ನೂ ಬಾಯ್ಲರನ್ನೂ ನೋಡಿಕೊಳ್ಳುವವನೊಬ್ಬ. ಎತ್ತರದ ಆಳು, ಏನು ಕೇಳಿದರೂ ಮೊದಲು ನೆಲ ನೋಡಿ ಆಮೇಲೆ ಉತ್ತರ ಕೊಡುತ್ತಾನೆ. ಅವನ ಪಕ್ಕದಲ್ಲಿ, ವಾರ್ಡುಗಳಿಂದ ಬರುವ ಚೀಲಗಳನ್ನು ಬಿಚ್ಚಿ ವಿಂಗಡಿಸುವವನು. ಅವನಂತೂ ಉತ್ತರವನ್ನೇ ಕೊಡುವುದಿಲ್ಲ. ಬಿಳಿ ಬದಿಯಲ್ಲಿ, ಇಸ್ತ್ರಿ ರೋಲರಿನ ಮುಂದೆ ಮಡಿಸುವ ಮೇಜಿನ ಒಡತಿಯಂತೆ ನಿಂತಿರುವ ಹೆಂಗಸು. ಅವಳ ಬಾಯಿಗೆ ಬಿಡುವೇ ಇಲ್ಲ. ಎಲ್ಲರೂ ಇವರನ್ನು ಬಾಯ್ಲರಣ್ಣ, ಚೀಲದಣ್ಣ, ಮಡಿಕೆಯಕ್ಕ ಎಂದು ಕರೆಯುತ್ತಾರೆ. ನನಗೇನು ಇವರು ಅಣ್ಣನೂ ಅಲ್ಲ, ಅಕ್ಕನೂ ಅಲ್ಲ. ಬಾಯ್ಲರಿನವನು, ಚೀಲದವನು, ಮಡಿಸುವವಳು ಎಂದರೆ ಸಾಕು.

ನನಗೂ ಹೆಸರಿಟ್ಟಾಗಿದೆ. ಹೋಟೆಲ್ ಮೇಡಂ ಅಂತೆ. ಇರಲಿ.

ನಿಯಮಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಎರಡೂ ಬದಿಯಲ್ಲಿ ಅಂಟಿಸಿದೆ. ಬಟ್ಟೆಯಲ್ಲಿ ಸೂಜಿ, ಕತ್ತರಿ ಏನೇ ಸಿಕ್ಕಿದರೂ ಕೂಡಲೇ ತಿಳಿಸಬೇಕು. ಯಾರ ಅಜಾಗರೂಕತೆಯಿಂದ ಅದು ಮುಂದೆ ಹೋಯಿತೋ ಅವರ ಸಂಬಳ ಕಡಿತವಾಗುತ್ತದೆ. ಸೋಪಿನ ಪುಡಿಯ ಕೋಣೆಗೆ ಬೀಗ, ಕೀಲಿ ನನ್ನ ಕುತ್ತಿಗೆಯಲ್ಲಿ. ಮನೆಯಲ್ಲಿ ಇವರು, ನನ್ನ ಯಜಮಾನರು, ಇದನ್ನೆಲ್ಲ ಕೇಳಿ ನಕ್ಕರು. "ಅಡುಗೆಮನೆಗೂ ಒಂದು ಕಾಗದ ಅಂಟಿಸಿಬಿಡೇ, ಅಮ್ಮನಿಗೆ ಓದೋಕೆ ಏನಾದ್ರೂ ಆಗುತ್ತೆ" ಎಂದರು. ಅತ್ತೆಗೆ ಕಿವಿ ಮಂದ. ಏನೋ ಒಳ್ಳೆಯ ಸುದ್ದಿ ಎಂದುಕೊಂಡು ಅವರೂ ನಕ್ಕರು.

ಮಾರ್ಚ್ ೧೪, ಶುಕ್ರವಾರ

ನಿಯಮ ಅಂಟಿಸಿದ ದಿನದಿಂದ ಒಂದೇ ಒಂದು ಸೂಜಿ ಸಿಕ್ಕಿಲ್ಲ. ಸಿಕ್ಕಿತೆಂದು ಯಾರೂ ಹೇಳಿಲ್ಲ. ಬಿಗಿ ಮಾಡಿದರೆ ಎಲ್ಲವೂ ತಾನಾಗಿ ದಾರಿಗೆ ಬರುತ್ತದೆ. ಇಷ್ಟು ಸುಲಭದ ಕೆಲಸ ಹಿಂದಿನ ಮೇಲ್ವಿಚಾರಕನಿಗೆ ಯಾಕೆ ಆಗಲಿಲ್ಲವೋ.

ಮಾರ್ಚ್ ೧೭, ಸೋಮವಾರ

ಥಿಯೇಟರಿನ ಹಿರಿಯ ಸಿಸ್ಟರ್ ತಾವೇ ನಡೆದುಕೊಂಡು ಬಂದರು. ಕೈಯಲ್ಲಿ ಒಂದು ತಟ್ಟೆ, ಅದರಲ್ಲಿ ರಕ್ತನಾಳ ಹಿಡಿಯುವ ಇಕ್ಕಳ. ಒಗೆದು, ಇಸ್ತ್ರಿ ಮಾಡಿ, ಚೊಕ್ಕಟವಾಗಿ ಮಡಿಸಿ ಕಳಿಸಿದ ಹಸಿರು ಬಟ್ಟೆಯ ನಡುವೆ ಇತ್ತಂತೆ. ಬಟ್ಟೆ ಬಿಡಿಸುವಾಗ ಅವರ ಕಿರಿಯ ನರ್ಸಿನ ಅಂಗೈ ಗೀರಿದೆ.

"ಇಷ್ಟು ದೊಡ್ಡ ವಸ್ತು ನಿಮ್ಮಲ್ಲಿ ಎಷ್ಟು ಜನರ ಕೈ ದಾಟಿ ಬಂದಿದೆ ನೋಡಿ. ಒಬ್ಬರಿಗೂ ಕಾಣಲಿಲ್ಲ ಅಂದ್ರೆ ನಾನು ನಂಬಲ್ಲ" ಎಂದು ತಟ್ಟೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಯಾರದು ತಪ್ಪೆಂದು ಪತ್ತೆ ಮಾಡದೆ ಬಿಡುವುದಿಲ್ಲ.

ಮಾರ್ಚ್ ೧೯, ಬುಧವಾರ

ಎರಡು ದಿನ ಒಬ್ಬೊಬ್ಬರನ್ನೇ ಕರೆದು ಕೂರಿಸಿ ಕೇಳಿದೆ. ಕೊಳೆ ಬದಿಯವರ ಪ್ರಕಾರ ಮಡಿಸುವವರಿಗೆ ಕಣ್ಣಿಲ್ಲ. ಬಿಳಿ ಬದಿಯವರ ಪ್ರಕಾರ ವಿಂಗಡಿಸುವವರಿಗೆ ಕೈಯಿಲ್ಲ. ಚೀಲದವನು ಕುರ್ಚಿಯ ತುದಿಯಲ್ಲಿ ಕೂತು, ನಾನು ಕೇಳಿದ ಪ್ರಶ್ನೆಗಳನ್ನೆಲ್ಲ ಕೇಳಿಸಿಕೊಂಡು, ಎದ್ದು ಹೋದ.

ಕೊನೆಗೆ ಬಂದವಳು ಮಡಿಸುವವಳು. ಅವಳಿಂದ ಹಳೆಯ ಕಥೆ ಹೊರಬಿತ್ತು. ಹಿಂದೊಮ್ಮೆ ಮಡಿಸುವಾಗ ಅವಳ ಬೆರಳಿಗೆ ಸೂಜಿ ಹೊಕ್ಕಿತ್ತಂತೆ. ರಕ್ತ ಪರೀಕ್ಷೆಯ ಫಲಿತಾಂಶ ಬರುವತನಕ ಮನೆಯಲ್ಲಿ ಮೊಮ್ಮಗುವನ್ನು ಎತ್ತಿಕೊಳ್ಳಲಿಲ್ಲವಂತೆ. ಅಂಥದ್ದೇನೂ ಆಗಲಿಲ್ಲ, ಬಚಾವಾದಳು. ಆದರೆ ಹಿಂದಿನ ಮೇಲ್ವಿಚಾರಕ ಚೀಲದವನ ಸಂಬಳ ಹಿಡಿದ. ಆ ಚೀಲ ಬಿಚ್ಚಿದ್ದು ತಾನಲ್ಲ ಎಂದು ಚೀಲದವನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಅವನು ಮಾತು ನಿಲ್ಲಿಸಿದ್ದು ಅಂದಿನಿಂದ. ಕಿಟಕಿಗೆ ರಟ್ಟು ಬಂದಿದ್ದೂ ಅಂದಿನಿಂದ.

ಹಾಗಾದರೆ ಇಕ್ಕಳ ನಿನಗೆ ಕಂಡಿತ್ತೇ ಎಂದು ಕೇಳಿದೆ. ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು.

"ಮೇಡಂ, ಕಂಡಿದ್ದನ್ನ ಹೇಳಿದ್ರೆ ಯಾರದ್ದೋ ಸಂಬಳ ಹೋಗುತ್ತೆ. ಹೇಳದೆ ಇದ್ರೆ ಎಲ್ಲರಿಗೂ ಸೇರಿ ಒಂದು ಬೈಗುಳ ಬೀಳುತ್ತೆ. ಬೈಗುಳ ಹಂಚ್ಕೊಂಡು ತಿನ್ನಬಹುದು. ನೀವಾಗಿದ್ರೆ ಏನ್ ಮಾಡ್ತಿದ್ರಿ?"

ಉದ್ಧಟತನ. ಆದರೂ ಅವಳು ಹೋದ ಮೇಲೆ ಅವಳ ಪ್ರಶ್ನೆಗೆ ಮನಸ್ಸಿನಲ್ಲೇ ಉತ್ತರ ಹುಡುಕಿದೆ. ನಾಳೆಯೂ ಹುಡುಕಬೇಕು.

ಮಾರ್ಚ್ ೨೫, ಮಂಗಳವಾರ

ಕೆಲಸಗಳ್ಳತನ ಹಿಡಿಯಬೇಕಾದರೆ ಎದುರಿಗೇ ನಿಲ್ಲಬೇಕು. ಹಾಗೆಂದು ಈ ವಾರ ಕೊಳೆ ಬದಿಯಲ್ಲೇ ಇರುತ್ತೇನೆಂದು ತೀರ್ಮಾನಿಸಿ, ದಪ್ಪ ಕೈಗವಸು, ಏಪ್ರನ್ ತೊಟ್ಟು ಚೀಲದವನ ಎದುರು ಮೇಜಿಗೆ ನಿಂತೆ.

ಹೋಟೆಲಿನ ಕೊಳೆಯನ್ನು ಕೊಳೆ ಎಂದುಕೊಂಡಿದ್ದೆ. ಮೊದಲ ಚೀಲ ಬಿಚ್ಚುತ್ತಲೇ ಹೊರಗೆ ಓಡಿಹೋಗಿ ತಿಂದದ್ದೆಲ್ಲ ಕಕ್ಕಿದೆ. ವಾಪಸ್ಸು ಬರುವಷ್ಟರಲ್ಲಿ ಚೀಲದವನು ನನ್ನ ಪಾಲಿನ ಚೀಲವನ್ನೂ ಮುಗಿಸಿದ್ದ. ನೀರಿನ ಬಾಟಲಿಯನ್ನು ನನ್ನತ್ತ ತಳ್ಳಿ ಮುಂದಿನ ಚೀಲಕ್ಕೆ ಕೈ ಹಾಕಿದ.

ಅವನು ಬಟ್ಟೆಯನ್ನು ಎಳೆಯುವುದಿಲ್ಲ. ಅಂಚು ಹಿಡಿದು ಮೆಲ್ಲಗೆ ತೆರೆಯುತ್ತಾನೆ, ಮಲಗಿದ ಮಗುವಿನ ಮೇಲಿನ ಹೊದಿಕೆ ಸರಿಸುವ ಹಾಗೆ. ನಾನು ಹಾಗೆ ಮಾಡಿದರೆ ಅರ್ಧ ಚೀಲಕ್ಕೆ ಊಟದ ಹೊತ್ತಾಗುತ್ತದೆ. ಅವಸರ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ನಾನು ಯಂತ್ರದ ಕಡೆಗೆ ಎಸೆದ ಕಟ್ಟಿನಿಂದ ಅವನು ಒಂದು ಪುಟ್ಟ ಕತ್ತರಿ ಎತ್ತಿ ಹಿಡಿದ. ಮೇಜಿನ ಮೇಲಿಟ್ಟ. ಅದು ನನ್ನ ಕೈಯಿಂದಲೇ ದಾಟಿ ಹೋಗುತ್ತಿತ್ತು. ನನ್ನದೇ ನಿಯಮದ ಪ್ರಕಾರ ನನ್ನ ಸಂಬಳವೇ ಕಡಿತವಾಗಬೇಕು.

ಮೈಯೆಲ್ಲ ನೋವು. ಸಾಯಂಕಾಲ ಇವರು ಬಿಸಿನೀರು ಕಾಯಿಸಿಕೊಟ್ಟರು. ಕೆಲಸಗಳ್ಳತನ ಹಿಡಿದೆಯಾ ಎಂದು ಕೇಳಿದರು. ನಾಳೆ ನೋಡೋಣ ಎಂದೆ.

ಏಪ್ರಿಲ್ ೪, ಶುಕ್ರವಾರ

ಹೊಸ ಉಪಾಯ. ವಾರಕ್ಕೊಮ್ಮೆ ಕೊಳೆ ಬದಿಯಿಂದ ಒಬ್ಬರು, ಬಿಳಿ ಬದಿಯಿಂದ ಒಬ್ಬರು ಜಾಗ ಬದಲಿಸಿಕೊಳ್ಳಬೇಕು. ಗೋಡೆಯ ಆಚೆ ಏನು ನಡೆಯುತ್ತದೆಂದು ಗೊತ್ತಿಲ್ಲದವರು ಆಚೆಯವರನ್ನು ಬೈಯುತ್ತಲೇ ಇರುತ್ತಾರೆ. ನಾನೂ ಮೊನ್ನೆಯವರೆಗೆ ಬೈಯುತ್ತಿದ್ದೆನಲ್ಲ.

ಹೇಳಿದ ಕೂಡಲೇ ಎರಡೂ ಬದಿಯವರು ಮುಖ ಗಂಟಿಕ್ಕಿಕೊಂಡರು. ಬಾಯ್ಲರಿನವನು ನೆಲ ನೋಡಿ, ಬಾಯ್ಲರು ಬಿಟ್ಟು ಕದಲುವುದಿಲ್ಲ ಎಂದ. ಸರಿ, ಅವನನ್ನು ಬಿಟ್ಟೆ. ಉಳಿದವರಿಗೆ ವಿನಾಯಿತಿ ಇಲ್ಲ. ಯಾರೂ ಒಪ್ಪದಿದ್ದರೂ ಮಾಡಿಯೇ ತೀರುತ್ತೇನೆ.

ಏಪ್ರಿಲ್ ೯, ಬುಧವಾರ

ಮಾಡಿದೆ. ಮಾಡಿದ್ದನ್ನು ಅನುಭವಿಸಿದೆ.

ಮಡಿಕೆಯಕ್ಕ ಕೊಳೆ ಬದಿಗೆ ಹೋಗಿ ಚೀಲ ಬಿಚ್ಚಿದಳು, ಚೀಲದವನು ಬಿಳಿ ಬದಿಗೆ ಬಂದು ಮಡಿಸಿದ. ಮಧ್ಯಾಹ್ನದವರೆಗೆ ಎಲ್ಲ ಸುಸೂತ್ರ. ಆಮೇಲೆ ಬಿಳಿ ಬದಿಯ ಬಾಗಿಲು ತೆರೆದರೆ ವಾರ್ಡಿನ ಬೆಡ್‌ಶೀಟುಗಳೆಲ್ಲ ಎಳೆ ಹಸಿರು. ಥಿಯೇಟರಿಗೆಂದು ಹೊಸದಾಗಿ ತರಿಸಿದ್ದ ಹಸಿರು ಗೌನೊಂದು ಬಿಳಿಯ ನಡುವೆ ಸೇರಿ, ಬಿಸಿನೀರಿಗೆ ಬಣ್ಣವನ್ನೆಲ್ಲ ಬಿಟ್ಟಿತ್ತು. ಹೊರೆಗಟ್ಟಲೆ ಬಟ್ಟೆ ಹಾಳು.

ಮಡಿಕೆಯಕ್ಕ ಗೋಡೆಗೊರಗಿ ನಿಂತುಬಿಟ್ಟಳು. ಎರಡೂ ಬದಿಯವರು ನನ್ನ ಮುಖವನ್ನೇ ನೋಡುತ್ತಿದ್ದರು. ಚೀಲದವನು ಹಸಿರಾದ ಒಂದು ಶೀಟನ್ನು ಎತ್ತಿ, ಅಂಚಿಗೆ ಅಂಚು ಸೇರಿಸಿ ಮಡಿಸತೊಡಗಿದ. ಮಡಿಸಿ ಇಟ್ಟರೆ ಬಣ್ಣ ಹೋಗುತ್ತದೆಯೇನೋ ಎಂಬಂತೆ ಉಳಿದವರೂ ಬಂದು ಕೈ ಹಾಕಿದರು.

ಏಪ್ರಿಲ್ ೧೦, ಗುರುವಾರ

ಆಡಳಿತಾಧಿಕಾರಿ ಕರೆಸಿದರು. ಮೇಜಿನ ಮೇಲೆ ಹಸಿರು ಶೀಟೊಂದಿತ್ತು. ಗೌನನ್ನು ಬಿಳಿ ಬಟ್ಟೆಗೆ ಸೇರಿಸಿದ್ದು ಯಾರೆಂದು ಕೇಳಿದರು. ಜಾಗ ಬದಲಿಸಿದ್ದು ನನ್ನ ಯೋಜನೆ, ಹೊಸ ಬಟ್ಟೆ ಬಣ್ಣ ಬಿಡುತ್ತದೆಂದು ಹೇಳಿಕೊಡಬೇಕಾಗಿದ್ದವಳು ನಾನು, ಹೇಳಿಕೊಡಲಿಲ್ಲ ಎಂದೆ. ಅದೆಲ್ಲ ಇರಲಿ, ಹೆಸರು ಹೇಳಿ ಎಂದರು. ಅವರಿಗೆ ಕಡತದಲ್ಲಿ ಬರೆಯಲು ಒಂದು ಹೆಸರು ಬೇಕಾಗಿತ್ತು.

"ಹಾಗಾದ್ರೆ ನನ್ನ ಹೆಸರು ಬರ್ಕೊಳಿ ಸರ್" ಎಂದೆ.

ಬರೆದುಕೊಂಡರು. ಎಚ್ಚರಿಕೆ ಪತ್ರವೂ ಬಂತು. ಇನ್ನೊಂದು ಸಲ ಹೀಗಾದರೆ ಜೂನ್‌ವರೆಗೆ ಕಾಯುವುದಿಲ್ಲವಂತೆ.

ನಿಜ ಹೇಳಬೇಕೆಂದರೆ ಹೆಸರು ಹೇಳದೆ ಇದ್ದದ್ದು ಔದಾರ್ಯಕ್ಕೇನೂ ಅಲ್ಲ. ಯೋಜನೆ ನನ್ನದೇ ತಾನೆ? ಹೊರಗೆ ಬಂದಾಗ ಮಡಿಕೆಯಕ್ಕ ಖಾಲಿ ಗಾಡಿ ಹಿಡಿದು ಬಾಗಿಲ ಬಳಿ ನಿಂತಿದ್ದಳು. ಆ ಮಹಡಿಗೆ ಗಾಡಿ ತರುವ ಕೆಲಸವೇ ಇಲ್ಲ. ಇಲ್ಲೇನು ಮಾಡುತ್ತಿದ್ದೀ ಎಂದು ಗದರಿದೆ. ದಾರಿ ತಪ್ಪಿತು ಎಂದಳು.

ಏಪ್ರಿಲ್ ೧೫, ಮಂಗಳವಾರ

ಬೆಳಗ್ಗೆ ಚೀಲದಣ್ಣ ನನ್ನ ಕೋಣೆಯ ಬಾಗಿಲಿಗೆ ಬಂದ. ಕೈಯಲ್ಲಿ ಡಬ್ಬಿಯೊಂದರ ಮುಚ್ಚಳ, ಅದರಲ್ಲಿ ಬಾಗಿದ ಸೂಜಿ.

"ಇದು ಸಿಕ್ತು" ಎಂದ.

ಅವನ ದನಿ ಇಷ್ಟು ತೆಳು ಎಂದು ಊಹಿಸಿರಲಿಲ್ಲ. ಎಲ್ಲಿ, ಯಾವ ಚೀಲದಲ್ಲಿ, ಕೈಗವಸು ಹಾಕಿದ್ದೆಯಾ ಎಂದೆಲ್ಲ ಕೇಳಲು ಬಾಯಿ ತೆರೆದೆ. ಅವನು ಮುಚ್ಚಳವನ್ನು ಇನ್ನೂ ಚಾಚಿಯೇ ನಿಂತಿದ್ದ. ಕೈಗೆ ಚುಚ್ಚಲಿಲ್ಲ ತಾನೆ ಎಂದಷ್ಟೇ ಕೇಳಿದೆ. ಇಲ್ಲವೆಂದು ತಲೆಯಾಡಿಸಿದ. ಸಂಜೆಯೊಳಗೆ ಬಿಳಿ ಬದಿಯಿಂದಲೂ ಒಂದು ಬಂತು. ಎರಡೂ ಬದಿಗೆ ಸೂಜಿ ಹಾಕಲು ಗಟ್ಟಿ ಡಬ್ಬಿ ಕೊಟ್ಟು, ಥಿಯೇಟರಿನ ಸಿಸ್ಟರಿಗೂ ಫೋನಿನಲ್ಲಿ ತಿಳಿಸಿದೆ.

ಅಂತೂ ನಿಯಮ ಇವರಿಗೆ ರೂಢಿಯಾಯಿತು. ಗೋಡೆಯ ಮೇಲಿನ ಕಾಗದ ಮಾತ್ರ ಆವಿಗೆ ಅಂಟು ಬಿಟ್ಟು ಎಲ್ಲೋ ಬಿದ್ದುಹೋಗಿದೆ. ಹೊಸದು ಬರೆಯಬೇಕು, ಪುರುಸೊತ್ತಾದಾಗ.

ಏಪ್ರಿಲ್ ೨೮, ಸೋಮವಾರ

ಊಟದ ಹೊತ್ತಿನಲ್ಲಿ ಬಾಯ್ಲರಣ್ಣ ಬಂದು ನಿಂತ. ಎಂದಿನಂತೆ ನೆಲ ನೋಡಿದ, ಆದರೆ ಈ ಸಲ ನಾನು ಏನನ್ನೂ ಕೇಳಿರಲಿಲ್ಲ.

"ಅವತ್ತು ನೀವು ಹೆಸರು ಹೇಳಲಿಲ್ಲವಂತೆ" ಎಂದ.

ಅದಕ್ಕೀಗ ಏನು ಎಂದೆ. ಆಗ ಹೇಳಿದ. ಬಾಯ್ಲರಿನಲ್ಲಿ ಒತ್ತಡ ಹೆಚ್ಚಾದರೆ ತಾನಾಗಿ ತೆರೆದುಕೊಂಡು ಆವಿ ಬಿಡಬೇಕಾದ ವಾಲ್ವು ಬಹಳ ತಿಂಗಳಿಂದ ಕಚ್ಚಿಕೊಂಡಿದೆಯಂತೆ. ಹಿಂದಿನವನಿಗೆ ಹೇಳಿದರೆ ಹಾಳು ಮಾಡಿದ್ದು ನೀನೇ ಎಂದು ತನ್ನ ತಲೆಗೇ ಕಟ್ಟುತ್ತಾನೆಂದು, ಗಳಿಗೆಗೊಮ್ಮೆ ಕೈಯಿಂದಲೇ ತಿರುಗಿಸಿ ಆವಿ ಬಿಡುತ್ತಾ ಬಂದಿದ್ದಾನೆ. ಬಾಯ್ಲರು ಬಿಟ್ಟು ಕದಲುವುದಿಲ್ಲ ಎಂದದ್ದು ಅದಕ್ಕೆ. ಜ್ವರ ಬಂದರೂ ರಜೆ ಹಾಕಿಲ್ಲ. ಅವನ ಹೆಂಡತಿಗೆ ಗಂಡ ಬಾಯ್ಲರನ್ನೇ ಕಟ್ಟಿಕೊಂಡಿದ್ದಾನೆಂದು ಸಿಟ್ಟು.

ಒಂದು ಗಳಿಗೆ ಅವನು ಮರೆತಿದ್ದರೂ ಬಾಯ್ಲರು ಸಿಡಿಯಬಹುದಿತ್ತು. ಅದರ ಪಕ್ಕದ ಕೋಣೆಯಲ್ಲಿ ನಾವೆಲ್ಲ ದಿನಾ ಊಟಕ್ಕೆ ಕೂರುತ್ತೇವೆ.

ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ನಿಲ್ಲಿಸಿದರೆ ರಿಪೇರಿಗೆ ಎಷ್ಟು ಹೊತ್ತು ಎಂದೆ. ಮೂರ್ನಾಲ್ಕು ದಿನವಾದರೂ ಬೇಕು, ಆವಿ ಇಲ್ಲದೆ ದೊಡ್ಡ ಯಂತ್ರವೂ ಇಲ್ಲ, ರೋಲರೂ ಇಲ್ಲ ಎಂದ. ಥಿಯೇಟರಿಗೆ ಒಂದು ಹೊತ್ತು ಬಟ್ಟೆ ತಪ್ಪಿದರೆ ಕಂಪನಿಯವರು ಬಂದು ಕೂರುತ್ತಾರೆ.

"ನಿಲ್ಲಿಸಿಬಿಡಿ" ಎಂದೆ.

"ಈಗಲೇ?"

"ಈಗಲೇ."

ನಿಲ್ಲಿಸಿದ ಮೇಲೆ ಆಡಳಿತಾಧಿಕಾರಿಗೆ ತಿಳಿಸಿದೆ. ಮೊದಲು ಕೇಳಿದ್ದರೆ ಜೂನ್ ಕಳೆಯಲಿ ಎನ್ನುತ್ತಿದ್ದರು. ಅವರು ಕೂಗಾಡಿದ್ದನ್ನು ಇಲ್ಲಿ ಬರೆಯುವುದಿಲ್ಲ. ಒಬ್ಬ ಬಾಯ್ಲರಿನವನ ಮಾತು ಕಟ್ಟಿಕೊಂಡು ಆಸ್ಪತ್ರೆಯ ಲಾಂಡ್ರಿ ನಿಲ್ಲಿಸಿದಿರಾ ಎಂದರು. ಹೌದು ಎಂದೆ.

ಮೇ ೧, ಗುರುವಾರ

ಹೆರಿಗೆ ವಾರ್ಡಿನವರು ಮಕ್ಕಳ ಬಟ್ಟೆ ಒಗೆಯುವ ಎರಡು ಸಣ್ಣ ಯಂತ್ರಗಳಿವೆ, ಕರೆಂಟಿನವು. ಅವನ್ನು ಬೇಡಿ ತಂದೆವು. ಥಿಯೇಟರಿನ ಬಟ್ಟೆ ಮಾತ್ರ ಒಗೆಯುವುದು, ವಾರ್ಡಿನವರು ಕೂಡಿಟ್ಟ ಶೀಟುಗಳಲ್ಲಿ ಸುಧಾರಿಸಿಕೊಳ್ಳುವುದು ಎಂದು ಸಿಸ್ಟರುಗಳನ್ನು ಒಪ್ಪಿಸಿದ್ದು ಮಡಿಕೆಯಕ್ಕ. ಎರಡು ವಾರ್ಡಿನವರನ್ನು ನಗಿಸಿ ಒಪ್ಪಿಸಿದರಂತೆ, ಮೂರನೆಯವರನ್ನು ಹೆದರಿಸಿ.

ಒಣಗಿಸಲು ತಾರಸಿ. ಬಾಯ್ಲರಣ್ಣ ನೀರಿನ ಟ್ಯಾಂಕಿನಿಂದ ಕಂಬಕ್ಕೆ, ಕಂಬದಿಂದ ಕಂಬಕ್ಕೆ ಹಗ್ಗ ಬಿಗಿದರು. ಬಾಯ್ಲರಿನ ಬಳಿ ಇಲ್ಲದ ಬಾಯ್ಲರಣ್ಣನನ್ನು ಕಂಡವರೇ ಇಲ್ಲ. ಹಗ್ಗಕ್ಕೆ ಬಟ್ಟೆ ಹಾಕಲು ಕೂಡ ಅವರೇ ಮುಂದು. ಕೊಳೆ ಬದಿಯವರು ಸ್ನಾನ ಮಾಡಿ, ಬಟ್ಟೆ ಬದಲಿಸಿ ಮೇಲೆ ಬಂದರೆ ಅವರೂ ಬಿಳಿ ಬದಿಯವರೇ. ಇಷ್ಟು ಸರಳ ಸಂಗತಿ ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಗಾಳಿಗೆ ಹಸಿರು ಗೌನೊಂದು ಹಾರಿ ಹೋಗಿ ಆಡಳಿತಾಧಿಕಾರಿಯ ಕಾರಿನ ಮೇಲೆ ಮಲಗಿತು. ಚೀಲದಣ್ಣ ಬಗ್ಗಿ ನೋಡಿ, "ಸಾಹೇಬರ ಕಾರಿಗೂ ಆಪರೇಷನ್" ಎಂದರು. ಅವರು ಹೇಳಿದ್ದು ಎಂದು ಗೊತ್ತಾಗಲು ನಮಗೆ ಒಂದು ಕ್ಷಣ ಹಿಡಿಯಿತು. ಆಮೇಲೆ ಮಡಿಕೆಯಕ್ಕ ತಾರಸಿಯ ನೆಲದ ಮೇಲೆ ಕೂತು ನಕ್ಕ ನಗೆಗೆ ಕೆಳಗಿನ ಮಹಡಿಯ ಕಿಟಕಿಗಳೆಲ್ಲ ತೆರೆದುಕೊಂಡವು.

ಕೈ ಇಸ್ತ್ರಿ ಮಾಡಿ ಮಾಡಿ ನನ್ನ ಹೆಬ್ಬೆರಳು ಸುಟ್ಟಿದೆ. ಇದುವರೆಗೆ ಥಿಯೇಟರಿಗೆ ಒಂದು ಹೊತ್ತೂ ತಪ್ಪಿಲ್ಲ.

ಮೇ ೩, ಶನಿವಾರ

ಹೊಸ ವಾಲ್ವು ಕೂತಿತು. ಹಳೆಯದು ಇನ್ನೆಷ್ಟು ದಿನ ತಡೆಯುತ್ತಿತ್ತೆಂದು ಮೆಕ್ಯಾನಿಕ್ಕನ್ನು ಕೇಳಿದೆ. ಹೇಳಕ್ಕಾಗಲ್ಲ ಎಂದ. ನಾಳೆಯೇ ಹೋಗಬಹುದಿತ್ತು, ಇನ್ನೆರಡು ವರ್ಷ ಬಂದರೂ ಬರಬಹುದಿತ್ತು. ಆಡಳಿತಾಧಿಕಾರಿಗೆ ಅದರಲ್ಲಿ ಕೊನೆಯ ಅರ್ಧ ಮಾತ್ರ ಕೇಳಿಸಿತು. ಬಾಯ್ಲರಣ್ಣ ನಾಳೆ ರಜೆ ಹಾಕಿದ್ದಾರೆ, ಹೆಂಡತಿಯ ತವರಿಗೆ ಹೋಗುತ್ತಾರಂತೆ.

ಮೇ ೨೦, ಮಂಗಳವಾರ

ಬರೆಯುವಂಥದ್ದೇನೂ ಇಲ್ಲ. ಕೆಲಸ ಬಹಳ. ಕಿಟಕಿಯ ರಟ್ಟು ಯಾರು ಕಿತ್ತರೋ ಗೊತ್ತಿಲ್ಲ, ಗಾಜು ಒರೆಸಿದ್ದಂತೂ ಮಡಿಕೆಯಕ್ಕ. ಸೋಪಿನ ಕೋಣೆಯ ಕೀಲಿ ಎಲ್ಲಿಟ್ಟೆನೋ ನೆನಪಾಗುತ್ತಿಲ್ಲ. ಬಾಗಿಲು ತೆರೆದೇ ಇರುವುದರಿಂದ ಯಾರೂ ಕೇಳುವುದೂ ಇಲ್ಲ.

ಜೂನ್ ೨, ಸೋಮವಾರ

ನಾಡಿದ್ದು ಹೊಸ ಕಟ್ಟಡ ತೆರೆಯುತ್ತದೆ, ನನಗೆ ಇವತ್ತೇ ಜ್ವರ. ನಿಂತರೆ ನೆಲ ತಿರುಗುತ್ತದೆ. ಹೋಗಿಯೇ ಹೋಗುತ್ತೇನೆಂದು ಚಪ್ಪಲಿ ಮೆಟ್ಟಿದೆ. ಅತ್ತೆ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತರು. ನಾನು ಏನು ಹೇಳಿದರೂ ಕೇಳಿಸಲಿಲ್ಲ, ಅಥವಾ ಕೇಳಿಸಲಿಲ್ಲವೆಂದರು. ಮಡಿಕೆಯಕ್ಕನಿಗೆ ಫೋನ್ ಮಾಡಿದೆ. ಬರಬೇಡಿ, ಬಂದರೆ ರೋಗಿಗಳ ಹಾಸಿಗೆಯಲ್ಲೇ ಮಲಗಿಸುತ್ತೇವೆ ಎಂದರು.

ಜೂನ್ ೪, ಬುಧವಾರ

ಜ್ವರ ಇಳಿದಿಲ್ಲ, ಆದರೂ ಇವತ್ತಿನದ್ದು ಬರೆದೇ ಮಲಗಬೇಕು.

ಬೆಳಗ್ಗೆ ಥಿಯೇಟರಿನ ಹಿರಿಯ ಸಿಸ್ಟರಿಂದ ಫೋನ್ ಬಂತು. ಹೊಸ ಕಟ್ಟಡದ ಮೊದಲ ಶಸ್ತ್ರಚಿಕಿತ್ಸೆ ಶುರುವಾಗಬೇಕು, ಅತಿಥಿಗಳು ಬಂದು ಕೂತಿದ್ದಾರೆ, ನಿಮ್ಮವರು ಬಟ್ಟೆಯ ಗಾಡಿಗಳನ್ನು ಹೊರಡಲು ಬಿಡುತ್ತಿಲ್ಲ ಎಂದರು. ಅವರ ಹಿಂದೆ ಆಡಳಿತಾಧಿಕಾರಿಯ ದನಿಯೂ ಕೇಳುತ್ತಿತ್ತು.

ಆಗಿದ್ದಿಷ್ಟು. ಬೆಳಗ್ಗೆ ಚೀಲ ಬಿಚ್ಚುತ್ತಿದ್ದ ಚೀಲದಣ್ಣನಿಗೆ ಮುರಿದ ಸೂಜಿಯ ಅರ್ಧ ಸಿಕ್ಕಿದೆ. ಉಳಿದರ್ಧ ಆ ಚೀಲದಲ್ಲಿಲ್ಲ. ಅದೇ ಥಿಯೇಟರಿನ ಇನ್ನೊಂದು ಚೀಲ ನಿನ್ನೆಯೇ ಒಗೆದು, ಮಡಿಸಿ, ಹೊಸ ಕಟ್ಟಡದ ಗಾಡಿಗಳಿಗೆ ಸೇರಿಹೋಗಿದೆ. ಚೀಲದಣ್ಣ ಕಿಟಕಿಗೆ ಹೋಗಿ ಗಾಜು ತಟ್ಟಿ, ಮಡಿಕೆಯಕ್ಕನಿಗೆ ಅರ್ಧ ಸೂಜಿ ತೋರಿಸಿದ್ದಾರೆ. ಅವರು ಕೂಡಲೇ ಹೊರಟಿದ್ದ ಗಾಡಿಗಳಿಗೆ ಅಡ್ಡ ನಿಂತಿದ್ದಾರೆ.

ಸಿಸ್ಟರ್ ಹೇಳುತ್ತಿದ್ದರು, ಉಳಿದರ್ಧ ಎಲ್ಲಿ ಬೇಕಾದರೂ ಬಿದ್ದಿರಬಹುದು, ಥಿಯೇಟರಿನ ಕಸಕ್ಕೇ ಹೋಗಿರಬಹುದು. ಇಷ್ಟು ದೊಡ್ಡ ದಿನ ಒಂದು ಊಹೆಗೆ ಬಟ್ಟೆ ತಡೆದರೆ ನಾಳೆ ಲಾಂಡ್ರಿಯೇ ಇರುವುದಿಲ್ಲ. ನೀವೊಂದು ಮಾತು ಹೇಳಿ, ಬಿಡುತ್ತಾರೆ.

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನು ಅಲ್ಲಿರಲಿಲ್ಲ, ಸೂಜಿಯನ್ನು ನೋಡಿರಲಿಲ್ಲ. ಫೋನು ಬೆವರಿಗೆ ಜಾರುತ್ತಿತ್ತು.

"ಚೀಲದಣ್ಣ ಬೇಡ ಅಂದಿದ್ರೆ ಬೇಡ ಸಿಸ್ಟರ್" ಎಂದೆ.

"ಇದೇ ನಿಮ್ಮ ಕೊನೆ ಮಾತಾ?"

"ನಂದಲ್ಲ, ಅವರದ್ದು. ನಾನಿದ್ರೂ ಅದನ್ನೇ ಹೇಳ್ತಿದ್ದೆ."

ಫೋನಿಟ್ಟು ಕಣ್ಣು ಮುಚ್ಚಿದೆ. ಲಾಂಡ್ರಿಗೆ ಫೋನ್ ಮಾಡಿ ಕೇಳೋಣ ಎಂದು ಇವರು ಎರಡು ಸಲ ಹೇಳಿದರು. ಅವರಿಗೆ ಕೈ ತುಂಬಾ ಕೆಲಸ, ನಡುವೆ ನನ್ನದೊಂದು ಕಾಟ ಯಾಕೆ ಎಂದು ಮಗ್ಗುಲು ಬದಲಿಸಿ ಮಲಗಿಬಿಟ್ಟೆ. ನಿದ್ದೆಯೂ ಬಂತು.

ಸಂಜೆ ಬಾಯ್ಲರಣ್ಣ ಫೋನ್ ಮಾಡಿದರು. ಎರಡೂ ಬದಿಯ ಅಷ್ಟೂ ಜನ ಸೇರಿ ಗಾಡಿಗಳನ್ನು ಖಾಲಿ ಮಾಡಿ, ಒಂದೊಂದು ಬಟ್ಟೆಯನ್ನೂ ಬೆಳಕಿಗೆ ಹಿಡಿದು ಸವರಿ ನೋಡಿದರಂತೆ. ಮಧ್ಯಾಹ್ನದ ಹೊತ್ತಿಗೆ ಗೌನೊಂದರ ತೋಳಿನ ಪಟ್ಟಿಯ ಹೊಲಿಗೆಯೊಳಗೆ ಉಳಿದರ್ಧ ಸಿಕ್ಕಿತು, ಮಡಿಕೆಯಕ್ಕನ ಕೈಗೆ. ಚುಚ್ಚಲಿಲ್ಲ. ಎಲ್ಲವನ್ನೂ ಮತ್ತೆ ಒಗೆದು ಕಳಿಸುವಷ್ಟರಲ್ಲಿ ಅತಿಥಿಗಳು ಹೊರಟುಹೋಗಿದ್ದರು. ಶಸ್ತ್ರಚಿಕಿತ್ಸೆ ಸಾಯಂಕಾಲ ನಡೆಯಿತು. ಆಡಳಿತಾಧಿಕಾರಿ ಯಾರೊಂದಿಗೂ ಮಾತಾಡಿಲ್ಲ.

ಜೂನ್ ೯, ಸೋಮವಾರ

ಮತ್ತೆ ಕೆಲಸಕ್ಕೆ. ಮೊದಲು ಮೇಲಿನ ಮಹಡಿಗೆ ಹೋಗಿ ತೀರ್ಮಾನ ಕೇಳಿಕೊಂಡು ಬಂದೆ. ವಾರ್ಡಿನ ಶೀಟು, ಹೊದಿಕೆಗಳನ್ನು ಕಂಪನಿಗೆ ಕೊಡುತ್ತಾರಂತೆ. ಥಿಯೇಟರಿನ ಬಟ್ಟೆ, ಹೊಸ ಕಟ್ಟಡದ್ದೂ ಸೇರಿ, ನಮ್ಮಲ್ಲೇ ಉಳಿಯುತ್ತದೆ. ಹಿರಿಯ ಸಿಸ್ಟರ್ ಅರ್ಧ ಸೂಜಿಯನ್ನು ಆಡಳಿತಾಧಿಕಾರಿಯ ಮೇಜಿನ ಮೇಲಿಟ್ಟು, ಬೇರೆಯವರು ಒಗೆದ ಬಟ್ಟೆಯನ್ನು ತಮ್ಮ ಥಿಯೇಟರಿನೊಳಗೆ ಬಿಡುವುದಿಲ್ಲ ಎಂದರಂತೆ. ಯಾರನ್ನೂ ತೆಗೆಯುವುದಿಲ್ಲ, ಹೊಸಬರನ್ನೂ ಕೊಡುವುದಿಲ್ಲ. ಪೂರ್ತಿ ಗೆದ್ದೆವೆಂದು ಹೇಳಲಾರೆ. ಶೀಟುಗಳನ್ನೂ ಒಂದು ದಿನ ವಾಪಸ್ಸು ತರಬೇಕು, ಅದನ್ನು ಎಲ್ಲರೂ ಕೂತು ಯೋಚಿಸೋಣ.

ಹೇಳಬೇಕೆಂದು ಅವಸರದಲ್ಲಿ ಕೆಳಗೆ ಬಂದೆ. ಯಾರೂ ತಲೆ ಎತ್ತಲಿಲ್ಲ. ಸೋಮವಾರದ ಚೀಲಗಳು ರಾಶಿ ಬಿದ್ದಿದ್ದವು, ರೋಲರು ಓಡುತ್ತಿತ್ತು, ಬಾಯ್ಲರಣ್ಣ ಕಿಟಕಿಯಲ್ಲಿ ಬೆರಳಾಡಿಸಿ ಆಚೆಗೆ ಏನೋ ಸನ್ನೆ ಮಾಡುತ್ತಿದ್ದರು. ನನ್ನ ಕೋಣೆಯಲ್ಲಿ ಮಾಡುವ ಕೆಲಸವೇನೂ ಕಾಣಲಿಲ್ಲ. ಮಡಿಸುವ ಮೇಜಿನಲ್ಲಿ ಒಂದು ಜಾಗ ಖಾಲಿಯಿತ್ತು, ಕೈ ತೊಳೆದು ಬಂದು ನಿಂತುಕೊಂಡೆ. ಸುದ್ದಿ ಹೇಳಿದೆ. ಮಡಿಕೆಯಕ್ಕ ಕೇಳಿಸಿಕೊಂಡು, ಕಿಟಕಿಯ ಬಳಿ ಹೋಗಿ ಆಚೆಯವರಿಗೂ ಕೂಗಿ ಹೇಳಿ ಬಂದರು. ಆಮೇಲೆ ನಾನು ಮಡಿಸಿಟ್ಟ ಗೌನನ್ನು ಎತ್ತಿ ನೋಡಿದರು.

"ಅಂಚು ಸೇರಿಲ್ಲ ನೋಡಮ್ಮ. ಬಿಚ್ಚಿ ಮತ್ತೆ ಮಡಚು."

ಬಿಚ್ಚಿ ಮತ್ತೆ ಮಡಿಸಿದೆ.